ಬೂದಿಮುಖನ ಬರಿಗಾಲು

ಜೂನ್ 8, ಭಾನುವಾರ

ಚನ್ನರಾಯಪಟ್ಟಣದಲ್ಲಿ ‘ಸಿಡಿಲಮಲ್ಲ’ ಓದುಗರ ಬಳಗದ ಸಭೆ ಮುಗಿಸಿ ಸಂಜೆ ಹಾಸನಕ್ಕೆ ಬಂದೆ. ಪತ್ರಿಕೆಯಲ್ಲಿ ಕರಡು ತಿದ್ದುವವನ ಅಭ್ಯಾಸ. ಗೊತ್ತಿರುವ ಸಂಗತಿಯನ್ನೂ ಮೊದಲಿನಿಂದ ಬರೆದರೇ ಸಮಾಧಾನ. ಹಾಗೇ ಬರೆಯುತ್ತೇನೆ.

‘ಸಿಡಿಲಮಲ್ಲ’ ನಾವು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಬರುತ್ತಿದ್ದ ತಿಂಗಳ ಚಿತ್ರಕಥೆ. ರತ್ನಪುರವೆಂಬ ನಗರ, ಅಲ್ಲಿನ ದೊಡ್ಡ ಮನೆಯ ಹುಡುಗ ಶ್ರೀಕಂಠ. ಅಪ್ಪ ಅಮ್ಮ ಇಲ್ಲ, ಸಾಕಿದವಳು ದೊಡ್ಡಮ್ಮ. ಊರಿಗೆ ಆಪತ್ತು ಬಂದಾಗ ಅವನೇ ಸಿಡಿಲಮಲ್ಲ. ಖಳರು ಹಲವರು: ಜನರ ನೆನಪನ್ನು ತೂಗಿ ಕದಿಯುವ ಡಾಕ್ಟರ್ ತಕ್ಕಡಿ, ಕನ್ನಡಿಯೊಳಗಿಂದ ಇಳಿದು ಬರುವ ಪಾದರಸ ರಾಣಿ. ಇವರೆಲ್ಲರನ್ನೂ ಹಿಂದೆ ನಿಂತು ಆಡಿಸುವವನು ಬೂದಿಮುಖ. ಉದ್ದ ನಿಲುವಂಗಿ, ಮುಖಕ್ಕೆ ಬೂದಿ ಬಣ್ಣದ ಮುಖವಾಡ. ಕಡೆಯ ಸಂಚಿಕೆಯಲ್ಲಿ ಮುಖವಾಡ ಕಳಚುತ್ತದೆ ಎಂದು ಹಿಂದಿನ ತಿಂಗಳೇ ಜಾಹೀರಾತಿತ್ತು. ಅದು ಅಚ್ಚಾಗುವ ಹೊತ್ತಿಗೆ ಪ್ರೆಸ್ಸು ಮುಚ್ಚಿತು. ಕೆಲವೇ ಪ್ರತಿಗಳು ಹೊರಬಿದ್ದವು. ನಮ್ಮ ಬಳಗದಲ್ಲಿ ಯಾರ ಹತ್ತಿರವೂ ಇಲ್ಲ.

ಬೂದಿಮುಖ ರತ್ನಪುರದ ಪೊಲೀಸ್ ಕಮಿಷನರೇ ಎಂಬುದು ನನ್ನ ವಾದ. ಬೂದಿಮುಖನ ಎಡಗೈಯಲ್ಲೂ ಕಮಿಷನರದೇ ಥರದ ಉಂಗುರ, ಬೂದಿಮುಖ ಮಾಯವಾದ ಮೇಲೆ ಕೇಳುವ ಬೂಟಿನ ಸದ್ದು, ಸಾಕ್ಷ್ಯ ಬೇಕಾದಷ್ಟಿದೆ. ಇಪ್ಪತ್ತು ವರ್ಷದಿಂದ ಬಳಗ ಅದನ್ನೇ ಒಪ್ಪಿಕೊಂಡು ಬಂದಿದೆ.

ಇವತ್ತಿನ ತೀರ್ಮಾನ: ಎಲ್ಲ ಸಂಚಿಕೆಗಳನ್ನೂ ಒಂದೇ ಪುಸ್ತಕವಾಗಿ ತರುವುದು. ಚಿತ್ರಕಾರರ ಮನೆಯವರು ಒಪ್ಪಿದ್ದಾರೆ. ಅಚ್ಚು ನನ್ನ ಗೆಳೆಯ ಮಹೇಶನ ಹೊಳೆನರಸೀಪುರದ ಪ್ರೆಸ್ಸಿನಲ್ಲಿ. ಕಡೆಯ ಸಂಚಿಕೆ ಇಲ್ಲದಿರುವುದರಿಂದ ಬೂದಿಮುಖ ಯಾರೆಂದು ಹೇಳುವ ಹಿನ್ನುಡಿ ಬೇಕು. ಅದನ್ನು ಬರೆಯುವವನು ನಾನೇ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವಿಲ್ಲ ಅಂದುಕೊಂಡಿದ್ದೆ.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಹೆಸರು ಭೀಮ. ಅರಕಲಗೂಡಿನಲ್ಲಿ ಗಣಿತದ ಮೇಷ್ಟ್ರು, ಊರು ಮಲ್ಲಿಪಟ್ಟಣ. ಮೊದಲ ಸಲ ಬಂದಿದ್ದಾರೆ.

“ಸಾ, ಕಡೇ ಸಂಚಿಕೆ ನಮ್ಮಪ್ಪ ಓದವ್ರೆ. ನಂಗೂ ಓದಿ ಯೋಳವ್ರೆ. ಆ ಪುಸ್ತಕ ಈಗಿಲ್ಲ. ಬೂದಿಮುಖ ಕಮಿಷನರ್ ಅಲ್ಲ. ಆ ಮನೆ ಆಳು. ಮಲ್ಲ ಮುಖವಾಡಕ್ಕೆ ಕೈ ಆಕಿ, ‘ಅಯ್ಯೋ ಮನೆಯಾಳಾ, ನೀನಾ?’ ಅಂತಾನೆ.”

ಸಭೆಯೆಲ್ಲ ಅವರ ಕಡೆ ತಿರುಗಿತು.

“ಯಾವ ಆಳು?” ಎಂದೆ.

“ಕಾಫಿ ತಂದ್ಕೊಡೋನು ಸಾ. ಎಲ್ಲಾ ಸಂಚಿಕೇಲೂ ಅವ್ನೆ. ಒಂದ್ರಲ್ಲೂ ಮುಖ ಬರ್ದಿಲ್ಲ, ಬೆನ್ನೇ ಕಾಣೋದು. ಎಲ್ರೂ ಗುಟ್ಟು ಮಾತಾಡುವಾಗ ಅವ್ನು ಅಲ್ಲೇ ನಿಂತಿರ್ತಾನೆ. ನಾವ್ಯಾರೂ ನೋಡ್ನಿಲ್ಲ, ಅಷ್ಟೆ.”

ಪ್ರೇಕ್ಷಾ ಎಂಬ ಹುಡುಗಿ, ಬಳಗದಲ್ಲಿ ಎಲ್ಲರಿಗಿಂತ ಚಿಕ್ಕವಳು, ಚಪ್ಪಾಳೆ ತಟ್ಟಿದಳು. ಮಹೇಶನೂ ತಟ್ಟಿದ. ಬರೀ ಬಾಯಿಮಾತಿನ ಸಾಕ್ಷ್ಯಕ್ಕೆ ಬೆಲೆ ಎಷ್ಟು ಎಂದು ನಾನು ಕೇಳಿದೆ. ಎಲ್ಲರೂ ಮೊಬೈಲಿನಲ್ಲಿ ಹಳೆ ಸಂಚಿಕೆ ತೆಗೆದು ಕಾಫಿ ಲೋಟ ಹುಡುಕುತ್ತಿದ್ದರು.

ಜೂನ್ 11, ಬುಧವಾರ

ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಮೂರು ದಿನದಿಂದ ಕಾಫಿಯದೇ ಚರ್ಚೆ. ಭೀಮ ಅವರು ಒಂದು ಚಿತ್ರ ಹಾಕುತ್ತಾರೆ, ಕೆಳಗೆ ಐವತ್ತು ಜನ ಕುಣಿಯುತ್ತಾರೆ. ಉಂಗುರದ ವಿಷಯ ನೆನಪಿಸಿ ನಾನು ಬರೆದದ್ದಕ್ಕೆ ಎರಡು ಹೆಬ್ಬೆರಳು. ಒಂದು ನನ್ನ ಹೆಂಡತಿ ಕೋಮಲಾಳದು. ಅವಳಿಗೆ ಸಿಡಿಲಮಲ್ಲ ಯಾರೆಂದೂ ಗೊತ್ತಿಲ್ಲ.

ಜೂನ್ 15, ಭಾನುವಾರ

ಮಹೇಶ ಬರಲಿಲ್ಲ. ಭಾನುವಾರ ಬೆಳಿಗ್ಗೆ ಅವನು ಹೊಳೆನರಸೀಪುರದಿಂದ ಹಾಸನಕ್ಕೆ ಬರುವುದು, ಇಬ್ಬರೂ ದೋಸೆ ತಿನ್ನುವುದು, ಒಂದು ಸಂಚಿಕೆ ಇಟ್ಟುಕೊಂಡು ಜಗಳಾಡುವುದು. ಮದುವೆಯಾದ ಮಾರನೇ ವಾರವೂ ತಪ್ಪಿಸಿದವನಲ್ಲ.

ಫೋನ್ ಮಾಡಿದೆ. ಹಿಂದೆ ಬಸ್ಸಿನ ಹಾರನ್ನು, ಯಾರದೋ ನಗು.

“ಲೇ ರವಿ, ಅರಕಲಗೂಡಲ್ಲಿವ್ನಿ ಕಣ್ಲಾ. ಭೀಮ ಇಲ್ಲೊಂದು ಓಟ್ಲು ತೋರ್ಸವ್ನೆ, ಇಡ್ಲಿ ಅಂದ್ರೆ ಇಡ್ಲಿ. ಏ ಭೀಮ, ಇವ್ನಿಗೂ ಒಂದ್ ಮಾತ್ ಯೋಳ್ಲಾ.”

ಭೀಮ ಅವರು ಏನೋ ಹೇಳಿದರು. ನನಗೆ ಕೇಳಿಸಿದ್ದು ಮಹೇಶ ಅವರಿಗೆ ಅಂದ ಆ ‘ಲಾ’ ಮಾತ್ರ. ಮಹೇಶ ಗ್ರಾಹಕರಿಗೆಲ್ಲ ಸಾರ್ ಎನ್ನುತ್ತಾನೆ, ಸ್ವಂತ ಭಾಮೈದನಿಗೆ ಬನ್ನಿ ಹೋಗಿ ಎನ್ನುತ್ತಾನೆ. ಲೇ, ಲಾ ಅನ್ನುವುದು ನನ್ನೊಬ್ಬನಿಗೆ. ಅನ್ನುತ್ತಿದ್ದುದು.

ದೋಸೆ ಒಬ್ಬನೇ ತಿಂದೆ. ಎಣ್ಣೆ ಹೆಚ್ಚಾಗಿತ್ತು.

ಜೂನ್ 19, ಗುರುವಾರ

ಹಿನ್ನುಡಿ ಯಾರು ಬರೆಯುವುದು ಎಂದು ಮಹೇಶನನ್ನು ನೇರವಾಗಿ ಕೇಳಿದೆ.

“ನೋಡನ ತಡೀಲಾ. ಭೀಮ ಬರುದ್ರೂ ಚೆಂದಾಗಿರ್ತದೆ. ಅವ್ರಪ್ಪ ಓದಿದ್ದು, ಇವ್ನು ಕೇಳಿದ್ದು, ಕತೆ ಇದ್ದಂಗೈತೆ.”

ಕತೆ ಇದ್ದ ಹಾಗೆ ಇದೆ. ಅದೇ ನನ್ನ ಆಕ್ಷೇಪ.

ಜೂನ್ 22, ಭಾನುವಾರ

ಸಿಕ್ಕಿತು.

ಆಗೆಲ್ಲ ಕಟಿಂಗ್ ಶಾಪುಗಳಲ್ಲಿ ಮಕ್ಕಳು ಗಲಾಟೆ ಮಾಡದಿರಲೆಂದು ಚಿತ್ರಕಥೆ ಇಡುತ್ತಿದ್ದರು. ಹೊಳೆನರಸೀಪುರದ ಅಂಗಡಿಗಳನ್ನು ಮೊನ್ನೆಯೇ ಕೇಳಿ ಆಗಿತ್ತು. ಇವತ್ತು ಚನ್ನರಾಯಪಟ್ಟಣದಲ್ಲಿ ಹಳೆಯ ಅಂಗಡಿಯೆಂದರೆ ಗಂಗಯ್ಯನದು ಎಂದು ಗೊತ್ತಾಯಿತು. ಸುಮ್ಮನೆ ಕೇಳುವುದು ಹೇಗೆಂದು ಕಟಿಂಗ್ ಮಾಡಿಸಿಕೊಂಡೆ. ಹೋದ ವಾರವಷ್ಟೇ ಮಾಡಿಸಿದ್ದೆ.

“ಕೂದ್ಲೇ ಇಲ್ವಲ್ಲ ಸಾ, ಎಲ್ ಕತ್ರುಸ್ಲಿ?” ಎಂದ ಗಂಗಯ್ಯ. ವಿಷಯ ಹೇಳಿದೆ. ಬೆಂಚಿನ ಕೆಳಗಿನ ಮರದ ಪೆಟ್ಟಿಗೆ ಎಳೆದು ಕೊಟ್ಟ. “ನಮ್ಮಪ್ಪನ ಕಾಲದ್ದು. ಬೇಕಾದ್ದು ತಗಂಡೋಗಿ, ಜಿರ್ಲೆ ಕಮ್ಮಿಯಾಯ್ತವೆ.”

ತಳದಲ್ಲಿತ್ತು, ಕಡೆಯ ಸಂಚಿಕೆ. ಕೊನೆಯ ಹಾಳೆ ಇಲ್ಲ.

“ನೊರೆ ಒರ್ಸಕ್ಕೆ ಕಿತ್ತಿರ್ತಾನೆ ಸಾ ನಮ್ಮಪ್ಪ. ಕತ್ತಿ ಒರ್ಸಕ್ಕೆ ಪೇಪರ್ ಬೇಕಲ್ಲ.”

ಅಂದರೆ ಮುಖ ಇರುವ ಹಾಳೆ ಯಾರದೋ ಗಡ್ಡದ ನೊರೆಯ ಜೊತೆ ಹೋಗಿದೆ. ಉಳಿದಿರುವ ಪುಟದ ಕಡೆಯ ಚೌಕದಲ್ಲಿ ಮಲ್ಲನ ಕೈ ಮುಖವಾಡದ ಅಂಚನ್ನು ಹಿಡಿದಿದೆ. ಮೇಲೆ ಮಾತಿನ ಗುಳ್ಳೆ. ಗುಳ್ಳೆಯಲ್ಲಿ ಅಚ್ಚಾಗಿರುವುದು ಇಷ್ಟು: “ಅಯ್ಯೋ ಮನೆಹಾಳ, ನೀನಾ?”

ಹಾಳ. ಹಕಾರಕ್ಕೆ ದೀರ್ಘ. ಮನೆಯಾಳಲ್ಲ, ಬರೀ ಬೈಗುಳ! ಮೇಷ್ಟ್ರ ತಂದೆ ನಮ್ಮ ಕಡೆಯವರೆಲ್ಲ ಓದುವ ಹಾಗೆ ಓದಿದ್ದಾರೆ, ಹ ನುಂಗಿದ್ದಾರೆ. ಮಗ ಆಳನ್ನು ಕೇಳಿಸಿಕೊಂಡಿದ್ದಾನೆ. ಅಲ್ಲಿಂದ ಇಲ್ಲಿಯವರೆಗೆ ಕಾಫಿ.

ಮನೆಗೆ ಬಂದವನೇ ಕೋಮಲಾಳಿಗೆ ಹೇಳಿದೆ. “ಸಿಕ್ತು ಕಣೆ! ಅದು ಮನೆಆಳ ಅಂತ ಅಲ್ಲ, ಮನೆಆಳ ಅಂತ!”

“ಎರಡ್ ಸಲಾನೂ ಒಂದೇ ಅಂದ್ರಲ್ಲ,” ಎಂದಳು.

ಬರೆದು ತೋರಿಸಬೇಕಾಯಿತು.

ಜೂನ್ 23, ಸೋಮವಾರ

ಬೆಳಿಗ್ಗೆ ಪುಟವನ್ನು ಬೆಳಕಿನಲ್ಲಿ ಇನ್ನೊಮ್ಮೆ ನೋಡಿದೆ. ಆ ಚೌಕದ ಕೆಳಗಿನ ಮೂಲೆಯಲ್ಲಿ ಬೂದಿಮುಖನ ನಿಲುವಂಗಿ ತುಸು ಮೇಲೆದ್ದಿದೆ. ಕೆಳಗೆ ಒಂದು ಪಾದ ಕಾಣುತ್ತದೆ. ಬೂಟಿಲ್ಲ. ಬರಿಗಾಲು.

ಕಮಿಷನರ್ ಯಾವ ಸಂಚಿಕೆಯಲ್ಲೂ ಬೂಟಿಲ್ಲದೆ ಇಲ್ಲ.

ಮಧ್ಯಾಹ್ನ ಗ್ರೂಪಿಗೆ ಫೋಟೊ ಹಾಕಿದೆ. ಪುಟ ಪೂರ್ತಿ ಹಾಕಿದರೆ ಮೊಬೈಲಿನಲ್ಲಿ ಅಕ್ಷರ ಸಣ್ಣದಾಗಿ ಕಾಣುತ್ತದೆ. ಆದ್ದರಿಂದ ಗುಳ್ಳೆಯನ್ನಷ್ಟೇ ಹಾಕಿದೆ. ಪತ್ರಿಕೆಯಲ್ಲೂ ಚಿತ್ರವನ್ನು ಬೇಕಾದಷ್ಟಕ್ಕೆ ಕತ್ತರಿಸುತ್ತೇವೆ. ಹಾಕಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಜೂನ್ 24, ಮಂಗಳವಾರ

ಭೀಮ ಅವರ ಧ್ವನಿ ಸಂದೇಶ, ಗ್ರೂಪಿನಲ್ಲೇ: “ರವೀಶ್ ಸಾ ತೋರ್ಸಿದ್ದು ಸರಿ. ನಮ್ಮಪ್ಪ ಓದಿದ್ದು ಅಂಗೆ, ನಾನು ಕೇಳಿಸ್ಕಂಡಿದ್ದು ಇಂಗೆ. ತಪ್ಪಾಯ್ತು. ಹುಡುಕಿ ತಂದ್ರಲ್ಲ ಸಾ, ಅದು ದೊಡ್ಡದು.”

ಪ್ರೇಕ್ಷಾ ಸ್ಟಿಕ್ಕರ್ ಮಾಡಿದ್ದಾಳೆ: ಮುಖವಾಡ ಹಾಕಿಕೊಂಡು ಕಾಫಿ ಲೋಟ ಹಿಡಿದವನು, ಕೆಳಗೆ ‘ಆಳೋ ಹಾಳೋ?’ ಎಲ್ಲರೂ ಅದನ್ನೇ ಕಳಿಸುತ್ತಿದ್ದಾರೆ. ಒಬ್ಬ, “ಮೇಷ್ಟ್ರೇ, ಮಗ್ಗೀನೂ ಇಂಗೇ ಯೋಳ್ಕೊಡ್ತೀರಾ?” ಎಂದು ಕೇಳಿದ್ದಾನೆ. ಭೀಮ ಅವರು ಅದಕ್ಕೊಂದು ನಗುಮುಖ ಹಾಕಿದರು. ಅಷ್ಟು ಸುಲಭವಾಗಿ ಒಪ್ಪಿಬಿಡುತ್ತಾರೆಂದು ನಾನು ಎಣಿಸಿರಲಿಲ್ಲ. ವಾದ ಮಾಡಬೇಕಿತ್ತು.

ಸಂಜೆ ಮಹೇಶ: “ಹಿನ್ನುಡಿ ನೀನೇ ಬರಿಯಪ್ಪ.”

ಅಪ್ಪ ಅಂದ. ಲಾ ಅನ್ನಲಿಲ್ಲ.

ಜುಲೈ 2, ಬುಧವಾರ

ಹಿನ್ನುಡಿ ಒಂದು ಪುಟ ಆಗಿದೆ. ಉಂಗುರದವರೆಗೆ ಚೆನ್ನಾಗಿ ಹೋಗುತ್ತದೆ. ಆಮೇಲೆ ‘ಆದ್ದರಿಂದ’ ಎಂದು ಬರೆದು ನಿಲ್ಲುತ್ತದೆ.

ಮಹೇಶ ಸಂಚಿಕೆ ಕೇಳಿದ, ಸ್ಕ್ಯಾನ್ ಮಾಡಿ ಪುಸ್ತಕಕ್ಕೆ ಸೇರಿಸಲು. ಸಿಕ್ಕಿರುವಷ್ಟು ಪುಟ ಹಾಕಬೇಕಾದ್ದು ನ್ಯಾಯವೇ. ಗಂಗಯ್ಯ ಅಂಗಡಿಯಿಂದ ಹೊರಗೆ ಬಿಡುತ್ತಿಲ್ಲ, ಒಲಿಸಿ ತರಬೇಕು, ಸ್ವಲ್ಪ ದಿನ ಬೇಕು ಎಂದೆ.

ಸಂಚಿಕೆ ಬೀರುವಿನಲ್ಲಿ ಕೋಮಲಾಳ ರೇಷ್ಮೆ ಸೀರೆಗಳ ಕೆಳಗಿದೆ. ಅಲ್ಲಿ ಹುಳ ಹಿಡಿಯುವುದಿಲ್ಲ.

ಜುಲೈ 6, ಭಾನುವಾರ

ಚನ್ನರಾಯಪಟ್ಟಣದಲ್ಲಿ ಸಭೆ. ನನಗೆ ಶಾಲು ಹೊದಿಸಿದರು. ಭೀಮ ಬಂದಿರಲಿಲ್ಲ.

ಡಾಕ್ಟರ್ ತಕ್ಕಡಿ ದೊಡ್ಡವನೋ ಪಾದರಸ ರಾಣಿ ದೊಡ್ಡವಳೋ ಎಂದು ಚರ್ಚೆ ಎತ್ತಿದೆ. ಮೂರು ಜನ ಮಾತಾಡಿದರು, ಅದೂ ಮೊಬೈಲ್ ನೋಡುತ್ತ. ಪಾದರಸ ರಾಣಿ ಕನ್ನಡಿಯಿಂದ ಇಳಿಯುವಾಗ ಅವಳ ಸೀರೆಯ ಸೆರಗು ಏಕೆ ಬಲಗಡೆಗೆ ಬರುತ್ತದೆ ಎಂದು ಒಂದು ಪ್ರಶ್ನೆ ಮನಸ್ಸಿನಲ್ಲಿತ್ತು. ಆ ಸಭೆಯಲ್ಲಿ ಅದನ್ನು ಕೇಳುವಂಥವರು ಯಾರೂ ಕಾಣಲಿಲ್ಲ. ಗಣಿತದವರಾದರೆ ಪ್ರತಿಬಿಂಬದ ಲೆಕ್ಕ ಹೇಳುತ್ತಿದ್ದರೇನೋ.

ಮಹೇಶ ನನ್ನ ಪಕ್ಕದಲ್ಲೇ ಕೂತಿದ್ದ. ಬಾಗಿಲ ಕಡೆ ನೋಡುತ್ತಿದ್ದ.

ಜುಲೈ 13, ಭಾನುವಾರ

ಮಹೇಶನೂ ಭೀಮನೂ ಗಂಗಯ್ಯನ ಅಂಗಡಿಗೆ ಹೋಗಿದ್ದರು. ನನಗೆ ನೆರವಾಗಲೆಂದು, ಇಬ್ಬರೂ ಸೇರಿ ಕೇಳಿದರೆ ಕೊಟ್ಟಾನೆಂದು. ಒಟ್ಟಿಗೆ ಹೋಗಿದ್ದರು ಎಂಬುದೇ ನನಗೆ ಮೊದಲು ಚುಚ್ಚಿತು. ಉಳಿದದ್ದು ಅರ್ಥವಾಗುವುದಕ್ಕೆ ಒಂದು ಕ್ಷಣ ಹಿಡಿಯಿತು.

ಗಂಗಯ್ಯ ಹೇಳಿದನಂತೆ: “ಆವತ್ತೇ ತಗಂಡೋದ್ರಲ್ಲ ಸಾ, ಕೂದ್ಲಿಲ್ದಿದ್ರೂ ಕಟಿಂಗ್ ಮಾಡುಸ್ಕಂಡು.”

ಮಹೇಶನ ಫೋನ್ ಬಂತು. “ಪುಸ್ತಕ ನಿಮ್ಮತ್ರಾನೇ ಐತಂತೆ. ಪುರುಸೊತ್ತಾದಾಗ ಕಳುಸ್ಕೊಡಿ.”

ನಿಮ್ಮತ್ರ. ಕಳುಸ್ಕೊಡಿ.

ಜುಲೈ 15, ಮಂಗಳವಾರ

ಏನೂ ಇಲ್ಲ.

ಜುಲೈ 17, ಗುರುವಾರ

ಕೋಮಲಾ ಸೀರೆ ತೆಗೆಯುವಾಗ ಸಂಚಿಕೆ ಕೆಳಗೆ ಬಿತ್ತು. “ಇದೇನ್ರೀ, ಇದ್ನೂ ಬಚ್ಚಿಡೋ ಅಂಥದ್ದಾ?” ಎಂದು ಮಂಚದ ಮೇಲಿಟ್ಟು ಹೋದಳು.

ಕತ್ತರಿಯಿಂದ ಪುಟದ ಮೂಲೆ ಕತ್ತರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಳೆಯ ಕಾಗದ, ಮೂಲೆ ಮುರಿದಿದ್ದರೆ ಸಹಜ. ಕತ್ತರಿ ಹುಡುಕಿದೆ. ಅಡುಗೆಮನೆಯಲ್ಲಿತ್ತು, ಕೋಮಲಾ ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದಳು. ಕಾದು ನಿಂತೆ. ಅವಳು ತೊಳೆದು, ಒರೆಸಿ ಕೈಗೆ ಕೊಟ್ಟಳು. ಏಕೆಂದು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ.

ಕೋಣೆಗೆ ಬಂದು ಪುಟ ನೋಡಿದೆ. ಆ ಪಾದವನ್ನು ಎಷ್ಟು ಶ್ರದ್ಧೆಯಿಂದ ಬರೆದಿದ್ದಾನೆ ಚಿತ್ರಕಾರ. ಉಗುರುಗಳನ್ನು ಕೂಡ ಬಿಟ್ಟಿಲ್ಲ. ಯಾರೋ ಒಬ್ಬರಾದರೂ ನೋಡಲಿ ಎಂದೇ ಬರೆದಿರಬೇಕು.

ಕತ್ತರಿ ವಾಪಸ್ ಇಟ್ಟೆ.

ಜುಲೈ 18, ಶುಕ್ರವಾರ

ಕಚೇರಿಯ ಸ್ಕ್ಯಾನರಿನಲ್ಲಿ ಪೂರ್ತಿ ಪುಟ ತೆಗೆದು ಭೀಮನಿಗೆ ಕಳಿಸಿದೆ. ಮಹೇಶನಿಗೆ ಕಳಿಸಬೇಕಿತ್ತು, ಕೇಳಿದವನು ಅವನು. ಆದರೆ ಈ ಕಾಲನ್ನು ಮೊದಲು ನೋಡಬೇಕಾದವನು ಅವನಲ್ಲ ಅನಿಸಿತು.

ಚಿತ್ರದ ಜೊತೆ ಏನು ಬರೆಯುವುದೆಂದು ತಿಳಿಯಲಿಲ್ಲ. ‘ಕೆಳಗಿನ ಮೂಲೆ ನೋಡಿ’ ಎಂದಷ್ಟೇ ಬರೆದೆ.

ನೋಡಿದ ಗುರುತಿನ ನೀಲಿ ಗೆರೆ ಬಂತು. ರಾತ್ರಿಯವರೆಗೆ ಮೊಬೈಲ್ ತೆಗೆದು ತೆಗೆದು ನೋಡಿದೆ.

ಜುಲೈ 19, ಶನಿವಾರ

ಬೆಳಿಗ್ಗೆ ಭೀಮನೇ ಫೋನ್ ಮಾಡಿದ.

“ಸಾ, ಆವತ್ತು ಕಾಲನ್ನ ಯಾಕ್ ಕತ್ರುಸುದ್ರಿ?”

ನಮಸ್ಕಾರ ಇಲ್ಲ, ಏನಿಲ್ಲ. ಅಕ್ಷರ ಸಣ್ಣದಾಗುತ್ತದೆ ಎಂಬ ಮಾತು ಬಾಯಿಗೆ ಬಂತು. “ತೋರ್ಸಿದ್ರೆ ನೀವು ಗೆಲ್ತಿದ್ರಿ,” ಎಂದೆ.

 ಭೀಮ ಬೇರೆಯೇ ಮಾತು ತೆಗೆದ.

“ನಮ್ಮಪ್ಪ ಬೈರಯ್ಯ ಅಂತ. ಹರೇದಲ್ಲಿ ಒಂದು ದೊಡ್ಡ ಮನೇಲಿ ಆಳಾಗಿದ್ರು. ಆ ಮನೆ ಮಕ್ಳು ಓದಿ ಎಸ್ದ ಪುಸ್ತಕಾನೇ ತರೋರು ನಂಗೆ. ಕಡೇದ್ರಲ್ಲಿ ಮುಖ ಇರೋ ಪುಟ ಕಿತ್ತೋಗಿತ್ತು, ಆದ್ರೂ ಓದಿ ಎಷ್ಟು ನಗಾಡುದ್ರು ಗೊತ್ತಾ ಸಾ? ‘ನೋಡ್ಲಾ ಮಗ, ಆಳು ಕಾಫಿ ಕೊಟ್ಕಂಡೇ ಊರ್ನೆಲ್ಲಾ ಆಡುಸ್ಬುಟ್ಟವ್ನೆ.’ ಈಗ್ಲೂ ಬೇಜಾರಾದ್ರೆ ಅದ್ನೇ ಯೋಳಿ ನಗ್ತಾರೆ. ಮನೆಹಾಳ ಅಂತ ನೀವು ಹಾಕುದ್ರಲ್ಲ, ಅದ್ನ ನಾನಿನ್ನೂ ಅವ್ರಿಗೆ ಯೋಳಿಲ್ಲ.”

“ಹೇಳಬೇಡಿ,” ಎಂದೆ. “ನಿಮ್ಮ ತಂದೆ ಹೇಳಿದ್ದೇ ಸರಿ. ಬರಿಗಾಲು ಇದೆಯಲ್ಲ. ಆ ಮನೆಯಲ್ಲಿ ಬರಿಗಾಲಲ್ಲಿ ಓಡಾಡೋನು ಅವನೊಬ್ಬನೇ. ನಾನೇ ಗ್ರೂಪಿಗೆ ಹಾಕ್ತೀನಿ.”

“ಅದೇ ಸಾ ತೊಂದ್ರೆ.” ಭೀಮ ನಿಟ್ಟುಸಿರು ಬಿಟ್ಟ. “ರಾತ್ರಿಯೆಲ್ಲಾ ದೊಡ್ಡದು ಮಾಡಿ ಮಾಡಿ ನೋಡ್ದೆ. ಅದು ಆಳಿನ ಕಾಲಲ್ಲ.”

“ಏನು?”

“ಹದ್ನೇಳ್ನೇ ಸಂಚಿಕೆ ತೆಗೀರಿ. ಸೌದೆ ಒಡೆಯುವಾಗ ಆಳಿನ ಕಾಲಿನ ಹೆಬ್ಬೆಟ್ಟು ಓಯ್ತದೆ. ಎಡಗಾಲು. ಇಲ್ಲಿ ಎಡಗಾಲೇ ಐತೆ, ಐದೂ ಬೆಟ್ಟು ಅವೆ.”

ಹದಿನೇಳನೆಯದನ್ನು ತೆಗೆದೆ. ನಿಜ. ಮೂವತ್ತು ವರ್ಷ ಓದಿದ್ದೇನೆ, ಕಂಡಿರಲಿಲ್ಲ.

ಗೆಲ್ಲುವ ಚೀಟಿಯನ್ನು ಕೈಯಲ್ಲಿಟ್ಟುಕೊಂಡು ತಾನೇ ಹರಿದು ಹಾಕುವ ಮನುಷ್ಯನನ್ನು ನಾನು ಇದುವರೆಗೆ ನೋಡಿರಲಿಲ್ಲ.

“ಸಾ, ಎರಡ್ನೇ ಬೆಟ್ಟಿನಾಗೆ ಏನೋ ಗೆರೆ ಐತೆ. ನನ್ ಮೊಬೈಲ್ನಾಗೆ ಸರೀಗೆ ಕಾಣಾಕಿಲ್ಲ.”

ಕರಡು ನೋಡುವ ಭೂತಗನ್ನಡಿ ತಂದೆ. ಮೂಲ ಪುಟವನ್ನು ಕಿಟಕಿಗೆ ಹಿಡಿದೆ. ಎರಡನೆಯ ಬೆರಳಿಗೆ ಸುತ್ತಿದ ಗೆರೆ, ಒಂದಲ್ಲ, ಎರಡು.

“ಕಾಲುಂಗುರ,” ಎಂದೆ.

“ಅಯ್ಯಯ್ಯಪ್ಪ!”

“ಭೀಮ, ಇದು ಹೆಂಗಸಿನ ಕಾಲು!”

“ದೊಡ್ಡಮ್ಮ ಸಾ! ಶ್ರೀಕಂಠನ ದೊಡ್ಡಮ್ಮ! ಆ ಮನೇಲಿ ಇನ್ಯಾರವ್ರೆ?”

“ಆಗೋಲ್ಲ, ಮನೆಹಾಳ ಅಂತ ಇದೆಯಲ್ಲ, ಗಂಡಸು…” ಎನ್ನುತ್ತಲೇ ಗುಳ್ಳೆಗೆ ಭೂತಗನ್ನಡಿ ಇಟ್ಟೆ. ಗುಳ್ಳೆಯ ಗೆರೆ ‘ಳ’ದ ತಲೆಯ ಮೇಲೇ ಹಾದುಹೋಗಿದೆ. ಗೆರೆಯ ಒಳಗೆ ಇನ್ನೊಂದು ಮಸಿ ದಪ್ಪಗಿದೆ. ಗುಡಿಸು, ಇಕಾರದ ಗುರುತು. ಮನೆಹಾಳಿ. ಕರಡು ತಿದ್ದುವುದೇ ಕಸುಬಾದ ನಾನು ಆವತ್ತು ‘ಹ’ ಸಿಕ್ಕಿದ ಖುಷಿಯಲ್ಲಿ ಪಕ್ಕದ ಅಕ್ಷರವನ್ನು ನೋಡಿಯೇ ಇರಲಿಲ್ಲ.

“ಬೂದಿ ಎಲ್ಲಿಂದ ಬತ್ತದೆ ಸಾ?” ಭೀಮ ಕೂಗುತ್ತಿದ್ದ. “ಒಲೆಯಿಂದ! ನಾವು ಸ್ಮಶಾನ ಸ್ಮಶಾನ ಅಂತಿದ್ವಲ್ಲ, ಒಲೆ ಸಾ, ಒಲೆ!”

“ಕಮಿಷನರ ಉಂಗುರ ಅವಳೇ ಕೊಟ್ಟಿದ್ದು, ಜೋಡೀಲಿ ಒಂದು, ಅವನ ಮದುವೇಲಿ, ಒಂಬತ್ತನೇ ಸಂಚಿಕೆ!” ನಾನೂ ಕೂಗುತ್ತಿದ್ದೆನೆಂದು ಕೋಮಲಾ ಬಾಗಿಲಿಗೆ ಬಂದು ನಿಂತ ಮೇಲೆ ಗೊತ್ತಾಯಿತು.

ಒಂದೊಂದೇ ಸಂಚಿಕೆ ತೆಗೆದೆವು. ಡಾಕ್ಟರ್ ತಕ್ಕಡಿ ಆ ಮನೆಯಲ್ಲಿ ಊಟ ಮಾಡುವಾಗ ಏಕೆ ತಲೆ ಎತ್ತುವುದಿಲ್ಲ, ಪಾದರಸ ರಾಣಿಯ ಕನ್ನಡಿ ಏಕೆ ದೇವರ ಕೋಣೆಯ ಎದುರಿಗಿದೆ, ಕಾಫಿ ತರುವ ಆಳಿಗೆ ಕಾಫಿ ಕೊಟ್ಟು ಕಳಿಸುವವರು ಯಾರು. ಸೆರಗಿನ ವಿಷಯವನ್ನೂ ಕೇಳಿದೆ. ಭೀಮನಿಗೆ ಉತ್ತರ ಗೊತ್ತಿತ್ತು. ಕಾಗದ ಪೆನ್ನು ತಗಳ್ಳಿ ಅಂತ ಹೇಳಿ ಬರೆಸಿದ.

ಕೊನೆಗೆ ಅವನ ದನಿ ಇಳಿಯಿತು. “ಅಪ್ಪಂಗೆ ಯೋಳ್ಬೇಕಲ್ಲ ಸಾ ಇದ್ನ.”

“ನಾನೂ ಬರ್ತೀನಿ.”

“ಬೇಜಾರ್ ಮಾಡ್ಕತಾರೆ. ಕೂಗಾಡುದ್ರೂ ಕೂಗಾಡ್ಬೋದು.”

“ಕೂಗಾಡಲಿ. ತಪ್ಪಿದ್ದು ನಾನೂ ತಾನೆ. ಇಬ್ಬರೂ ಬೈಸಿಕೊಳ್ಳೋಣ.”

ನಾಳೆ ಬೆಳಿಗ್ಗೆ ಅರಕಲಗೂಡು ಬಸ್ಸಿಗೆ ಹೊರಡುವುದು, ಅಲ್ಲಿಂದ ಇಬ್ಬರೂ ಮಲ್ಲಿಪಟ್ಟಣಕ್ಕೆ. ಹಿನ್ನುಡಿ ಇಬ್ಬರ ಹೆಸರಿನಲ್ಲಿ. ಮೊದಲ ಸಾಲು ಬೈರಯ್ಯನವರಿಂದ ಶುರುವಾಗಬೇಕು ಎಂದು ನಾನೇ ಹೇಳಿದೆ.

ಫೋನ್ ಇಟ್ಟ ತಕ್ಷಣ ಮಹೇಶನ ಕರೆ ಬಂತು.

“ಬೆಳಿಗ್ಗೆಯಿಂದ ಮಾಡ್ತಾ ಇವ್ನಿ, ಬರೀ ಬಿಜಿ ಬಿಜಿ. ಯಾರ್ ಜೊತೆ ಮಾತಾಡ್ತಿದ್ಯಲಾ?”

“ಭೀಮನ ಜೊತೆ.”

“ಭೀಮನ್ ಜೊತೆ ನಿಂಗೇನ್ಲಾ ಇಷ್ಟೊತ್ತು ಮಾತು?”

ಕಾಲಿನ ವಿಷಯ ಹೇಳಿದೆ. ಪುಟದ ಸುಳ್ಳಿನದ್ದೂ ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ, ಅದರ ಸುದ್ದಿಗೇ ಬರಲಿಲ್ಲ. ಪುಟವನ್ನು ಭೀಮನಿಗೆ ಮೊದಲು ಏಕೆ ಕಳಿಸಿದೆ ಎಂದು ಎರಡು ಸಲ ಕೇಳಿದ. ನಾಳೆ ದೋಸೆಗೆ ಬರುತ್ತೇನೆ, ಇರುತ್ತೀಯಲ್ಲ ಎಂದ. ಇಲ್ಲ, ಮಲ್ಲಿಪಟ್ಟಣಕ್ಕೆ ಹೋಗುತ್ತಿದ್ದೇನೆ ಎಂದೆ. ಹಾಗಾದರೆ ತಾನೂ ಬರುತ್ತೇನೆ, ಕಾರು ತರುತ್ತೇನೆ ಎಂದ. ಬೇಡ, ನಾವಿಬ್ಬರೇ ಹೋಗುವುದೆಂದು ಮಾತಾಗಿದೆ ಎಂದೆ.

ಸರಿ ಬಿಡು ಎಂದು ಫೋನ್ ಇಟ್ಟ. ಅವನ ದನಿ ಯಾಕೋ ಸರಿಯಿರಲಿಲ್ಲ. ಈ ಮಳೆಗಾಲದಲ್ಲಿ ಹೊಳೆನರಸೀಪುರದಲ್ಲಿ ಎಲ್ಲರಿಗೂ ಗಂಟಲು ಕೆರೆತವಂತೆ.